ನಾಲ್ಕು ಊರು, ಒಂದು ಬಸ್ಸು

ಶ್ರೀರಂಗಪಟ್ಟಣಕ್ಕೆ ಹೋದವರು ರಂಗನಾಥನಿಗೆ ಕೈಮುಗಿದು, ದರಿಯಾ ದೌಲತ್ ನೋಡಿ, ಸಂಗಮದಲ್ಲಿ ಕಾಲು ನೆನೆಸಿಕೊಂಡು ಹಿಂತಿರುಗುತ್ತಾರೆ. ರೈಲು ನಿಲ್ದಾಣದ ಬಳಿಯ ಟಿಪ್ಪುವಿನ ಮದ್ದಿನಮನೆಯ ಕಡೆ ತಿರುಗುವವರು ಕಡಿಮೆ. ಜೋಡಿಹಳಿಗೆ ಅಡ್ಡವಾಗಿದ್ದ ಈ ಹಳೆಯ ಕಟ್ಟಡವನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ಸುಮಾರು ನೂರು ಮೀಟರ್ ಆಚೆ ಕೂರಿಸಿದರು. ರೈಲಿಗಾಗಿ ಮದ್ದಿನಮನೆಯೇ ಜರುಗಿತೆಂದ ಮೇಲೆ ಮನುಷ್ಯರು ಜರುಗುವುದೇನು ದೊಡ್ಡ ಮಾತು!

ಈ ಊರಿಗೆ 1880ರ ದಶಕದಿಂದಲೂ ರೈಲಿದೆ, ಮೈಸೂರು ಹತ್ತಿರ, ಬಸ್ಸುಗಳೂ ಧಾರಾಳ. ಹಾಗಾಗಿ ಇಲ್ಲಿನ ಹೆಣ್ಣುಮಗಳು ಬೆಳಿಗ್ಗೆ ತಿಂಡಿ ಮಾಡಿಟ್ಟು ಮೈಸೂರಿನಲ್ಲಿ ದುಡಿದು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು.

ಪಾಂಡವಪುರದ ಕಥೆ ಸ್ವಲ್ಪ ಬೇರೆ. ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಹಿಂದೆ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಈ ಊರಿನ ಹೆಸರಿನಲ್ಲಿ ನಿಲ್ದಾಣವೇನೋ ಇದೆ, ಆದರೆ ಊರೊಳಗಿಲ್ಲ. ಇಳಿದ ಮೇಲೆ ಆಟೋ ಹುಡುಕಬೇಕು. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆಗಳಲ್ಲಿ ರೈಲು ನಿಲ್ಲುತ್ತದೆ, ಪೇಟೆಯಲ್ಲಿ ಇಲ್ಲ. ನಾಗಮಂಗಲ ತಾಲ್ಲೂಕಿಗೆ ಬೆಂಗಳೂರು–ಹಾಸನ ರೈಲು ಬಂದದ್ದೇ 2017ರಲ್ಲಿ, ಅದೂ ಬಿ.ಜಿ. ನಗರಕ್ಕೆ. ಸೌಮ್ಯಕೇಶವನ ಊರಿಗೆ ಇಂದಿಗೂ ಬಸ್ಸೇ ಗತಿ.

2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಟಿಕೆಟ್ಟಿನ ದುಡ್ಡಿಲ್ಲವಷ್ಟೆ. ಕೆ.ಆರ್. ಪೇಟೆ ಬಸ್ಸಿನಲ್ಲಿ ಸೊಪ್ಪಿನ ಚೀಲ ಹೊತ್ತು ಹತ್ತಿದ ಒಬ್ಬ ಹೆಂಗಸನ್ನು ಮಾತಾಡಿಸಿದೆ. "ಪುಕ್ಕಟೆ ಕಣವ್ವ, ಇಲ್ಲ ಅನ್ನಾಕಿಲ್ಲ. ಆದ್ರೆ ಬಸ್ಸು ಬಂದ್ರೆ ತಾನೇ ಹತ್ತೋದು? ಸಂಜೆ ಬಸ್ಸು ತಪ್ಪಿದ್ರೆ ಸ್ಟ್ಯಾಂಡೇ ಗತಿ" ಎಂದಳು.

ದೊಡ್ಡ ಪಟ್ಟಣ ಎಷ್ಟು ದೊಡ್ಡದಾಗಬೇಕು ಎಂಬುದು ಅಲ್ಲಿಯ ಕಛೇರಿಗಳಲ್ಲಿ ಮಾತ್ರ ತೀರ್ಮಾನವಾಗುವುದಿಲ್ಲ, ಈ ಬಸ್ ಸ್ಟ್ಯಾಂಡಿನಲ್ಲೂ ಆಗುತ್ತದೆ ಎಂದು ನನಗನ್ನಿಸಿತು. ಹೋಗಿಬರಲು ಬಸ್ಸಿದ್ದರೆ ಸಂಸಾರ ಊರಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಗಂಡ ಮೊದಲು ಬೆಂಗಳೂರಿನಲ್ಲೊಂದು ರೂಮು ಹಿಡಿಯುತ್ತಾನೆ, ಮಕ್ಕಳ ಸ್ಕೂಲೆಂದು ಹೆಂಡತಿ ಹಿಂದೆ ಹೋಗುತ್ತಾಳೆ, ಅತ್ತೆಮಾವ ಮಾತ್ರ ರಾಗಿಹೊಲ ಕಾಯುತ್ತಾ ಉಳಿಯುತ್ತಾರೆ. ಆಮೇಲೆ ಬೆಂಗಳೂರು ಕಿಕ್ಕಿರಿಯಿತೆಂದು ಗೊಣಗುವವರೂ ನಾವೇ!

ಮೈಸೂರಿನಲ್ಲಿ 1903ರಲ್ಲೇ ನಗರ ಸುಧಾರಣಾ ಮಂಡಳಿಯಾಯಿತು. ರಸ್ತೆ, ಚರಂಡಿಗಳನ್ನು ಯೋಚಿಸಿ ಬಡಾವಣೆ ಮಾಡುವ ಕೆಲಸ ಅದರದು. ಈಗ ಪಟ್ಟಣದ ಸುತ್ತ ಕಾಣುವುದೇ ಬೇರೆ: ಭತ್ತದ ಗದ್ದೆಯಲ್ಲಿ ಮೊದಲು ಸೈಟಿನ ಕಲ್ಲು, ನಂತರ ಮನೆ, ಬಸ್ಸಿನ ಮಾತು ಕೊನೆಗೆ. ಸೈಟು ನೋಡಲು ಯಜಮಾನರು ಕಾರಿನಲ್ಲಿ ಹೋಗಿ ಬರುತ್ತಾರೆ. ದಿನಾ ಹಾಲು, ತರಕಾರಿ, ಆಸ್ಪತ್ರೆ ಎಂದು ಓಡಾಡುವವಳು ನೀವಾದ್ದರಿಂದ, ಒಂದು ದಿನ ಬಸ್ಸಿನಲ್ಲೇ ಹೋಗಿ ನೋಡಿ ಬನ್ನಿ.

2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಪಕ್ಕದಿಂದಲೇ ಸುತ್ತಿ ಹೋಗುತ್ತದೆ. ಆತುರದವರಿಗೆ ಅನುಕೂಲವೇ. ಮದ್ದೂರು ವಡೆಗೆ ನಿಲ್ಲುತ್ತಿದ್ದ ಕಾರುಗಳು ಮಾತ್ರ ಕಡಿಮೆಯಾದವು. ಸೊಪ್ಪಿನ ಚೀಲದ ಆ ತಾಯಿಗೆ ಆ ದಾರಿಯಿಂದ ಏನೂ ಆಗಬೇಕಾದ್ದಿಲ್ಲ. ಅವಳಿಗೆ ಬೇಕಾದದ್ದು ಸಂಜೆ ಏಳರ ಮೇಲೆ ಇನ್ನೊಂದು ಬಸ್ಸು.