ಹತ್ತು ಹೆಜ್ಜೆ ಮುಂದೆ

ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಕೆಲಸವಿದ್ದು ನಡೆಯುವವರು ಬೇರೆ, ಸುಮ್ಮನೆ ನಡೆಯುವವರು ಬೇರೆ. ಕೆಲಸವಿದ್ದವರು ದೇವರಾಜ ಮಾರುಕಟ್ಟೆಗೆ ನುಗ್ಗಿ ವೀಳ್ಯದೆಲೆ, ಮಲ್ಲಿಗೆ, ರಸಬಾಳೆ ಕೊಂಡು ಹೊರಟುಬಿಡುತ್ತಾರೆ. ಸುಮ್ಮನೆ ನಡೆಯುವವರು ಕೆ.ಆರ್. ವೃತ್ತದಿಂದ ಹೊರಟು ಗಾಜಿನೊಳಗಿನ ರೇಷ್ಮೆ, ಗಂಧದ ಆನೆ, ಮೈಸೂರು ಪಾಕಿನ ತಟ್ಟೆ ಎಲ್ಲವನ್ನೂ ಕಣ್ಣಲ್ಲೇ ಕೊಂಡು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಬರೋಡಾ ಮಹಾರಾಜರ ಹೆಸರಿನ ಈ ರಸ್ತೆಯಲ್ಲೇ ದಸರೆಯ ಆನೆ 750 ಕೆ.ಜಿ. ತೂಕದ ಅಂಬಾರಿ ಹೊತ್ತು ಬನ್ನಿಮಂಟಪಕ್ಕೆ ಸಾಗುವುದು. ಇಂಥ ಬೀದಿಗೆ ಕಾಲಿಟ್ಟರೆ ನಮ್ಮ ನಡಿಗೆಯೂ ಕೊಂಚ ಬದಲಾಗುತ್ತದೆ. ನನ್ನದಂತೂ ಬದಲಾಗಿತ್ತು.

1986ರಲ್ಲಿ ಪದವಿಗೆ ಸೇರಲೆಂದು ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಿಂದ ಬಂದಿದ್ದೆ. ಬಿಡಲು ಅಪ್ಪ ಜೊತೆಗೆ ಬಂದಿದ್ದ. ಪಂಚೆ, ಅಂಗಿ, ಹೆಗಲ ಮೇಲೆ ಮಡಿಸಿದ ಕರಿಕಂಬಳಿ. ನಮ್ಮದು ಕುರಿ ಸಾಕಿ ಕಂಬಳಿ ನೇಯುವ ಮನೆ. ಉಣ್ಣೆಯ ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆಯಲ್ಲೇ ನಾನು ಬೆಳೆದದ್ದು. ಹಾಸ್ಟೆಲಿನ ಕೆಲಸ ಮಧ್ಯಾಹ್ನಕ್ಕೇ ಮುಗಿಯಿತು. ರಾತ್ರಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. "ಒಂದೀಟು ಊರು ನೋಡಾನ ಬಾರಪ್ಪಾ" ಎಂದ.

ಅಪ್ಪ ಸಂತೆಯಲ್ಲಿ ಕುರಿ ನೋಡುವವನ ಹಾಗೆ ಒಂದೊಂದು ಅಂಗಡಿಯ ಮುಂದೂ ನಿಂತು, ತಲೆ ವಾರೆ ಮಾಡಿ ನೋಡುತ್ತಿದ್ದ. ನಾನು ಹತ್ತು ಹೆಜ್ಜೆ ಮುಂದಿದ್ದೆ. ನನಗೆ ಅವಸರವೇನೂ ಇರಲಿಲ್ಲ, ಇದ್ದದ್ದು ನಾಚಿಕೆ. ಎದುರಿಗೆ ಬರುವ ಇಸ್ತ್ರಿ ಪ್ಯಾಂಟಿನ ಹುಡುಗರೆಲ್ಲ ಆ ಕಂಬಳಿಯನ್ನೇ ನೋಡುತ್ತಿದ್ದಾರೆ ಎಂದು ನನಗೆ ಅನಿಸುತ್ತಿತ್ತು.

ಒಂದು ದೊಡ್ಡ ಬಟ್ಟೆ ಅಂಗಡಿಯ ಮುಂದೆ ಅಪ್ಪ ಗಟ್ಟಿಯಾಗಿ ಕೂಗಿದ: "ಲೇ ಮಗಾ, ಇಲ್ಲಿ ನೋಡು, ನಮ್ಮ ಮೊಳಕಾಲ್ಮೂರು ಸೀರೆ!" ಕಂಬಳಿ ಮಾರಲು ಹೋದಾಗಲೆಲ್ಲ ಅಲ್ಲಿನ ನೇಕಾರರ ಮಗ್ಗದ ಮುಂದೆ ಕೂತು ಬಂದವನು ಅವನು. ಅಂಚು ನೋಡಿಯೇ ಗುರುತು ಹಿಡಿದಿದ್ದ. ಒಳಗೆ ಹೋಗಿ ಮುಟ್ಟಿ ನೋಡುವ ಆಸೆಯಿಂದ ಮೆಟ್ಟಿಲು ಹತ್ತಿದ. ಬಾಗಿಲಲ್ಲಿದ್ದ ಹುಡುಗ ಕಂಬಳಿಯನ್ನು ಮೇಲಿಂದ ಕೆಳಗೆ ನೋಡಿ, "ಏನ್ ಬೇಕಾಗಿತ್ತು?" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಕಡೆಯವರಾ?" ಎಂದು ಕೇಳಿದ.

"ಹೂಂ, ನಮ್ಮೂರಿನವರು" ಎಂದೆ.

ಅಪ್ಪ ಎಂದು ಹೇಳಲಿಲ್ಲ. ಅಪ್ಪನಿಗೆ ಅದು ಕೇಳಿಸಿತು. ಏನೂ ಮಾತಾಡದೆ ಮೆಟ್ಟಿಲಿಳಿದ.

ಆಮೇಲೆ ಲ್ಯಾನ್ಸ್‌ಡೌನ್ ಕಟ್ಟಡದ ಹಳೇ ಪುಸ್ತಕದಂಗಡಿಗೆ ಹೋದೆವು. 1892ರ ಆ ಕಟ್ಟಡ ಆಗ ಮೈಸೂರಿನ ಬಡ ವಿದ್ಯಾರ್ಥಿಗಳ ಪಾಲಿನ ಗ್ರಂಥಾಲಯ. ಮೂಲೆ ಹರಿದ ಒಂದು ಯುರೋಪಿನ ಇತಿಹಾಸವನ್ನು ಆರಿಸಿಕೊಂಡೆ. ಅಪ್ಪ ಒಳಜೇಬಿನಿಂದ ನೋಟು ತೆಗೆದು ಕೊಟ್ಟ. ಬಸ್ಸು ಹತ್ತುವಾಗ ಹೆಗಲ ಕಂಬಳಿ ನನ್ನ ಕೈಗಿಟ್ಟು, "ಮಳೆಗಾಲ, ಹೊದ್ದುಕೋ" ಎಂದ. ಅಷ್ಟೇ.

ಅದೇ ಕಂಬಳಿ ಹೊದ್ದು ಆ ಪುಸ್ತಕ ಓದುತ್ತಿದ್ದಾಗ ಒಂದು ಪುಟದಲ್ಲಿ ನಿಂತುಬಿಟ್ಟೆ. ಇಟಲಿಯ ಫ್ಲಾರೆನ್ಸ್ ನಗರ, ಚಿತ್ರ ಶಿಲ್ಪಗಳಿಗೆ ಜಗತ್ತೆಲ್ಲ ಕೈಮುಗಿಯುವ ಊರು, ಬೆಳೆದದ್ದು ಉಣ್ಣೆಯಿಂದಂತೆ! ಅಲ್ಲಿನ ಮಹಾ ಚರ್ಚು ಕಟ್ಟಿಸುವ ಹೊಣೆ 1331ರಲ್ಲಿ ವಹಿಸಿಕೊಂಡದ್ದು ಉಣ್ಣೆ ವರ್ತಕರ ಸಂಘ. ಆದರೆ ಆ ಉಣ್ಣೆಯನ್ನು ತೊಳೆದು ಹಿಂಜುವ ಕೂಲಿಗಳಿಗೆ ಸಂಘ ಕಟ್ಟುವ ಹಕ್ಕೂ ಇರಲಿಲ್ಲ. 1378ರಲ್ಲಿ ಅವರು ದಂಗೆಯೆದ್ದು ಕೆಲವು ಕಾಲ ನಗರದ ಆಡಳಿತವನ್ನೇ ಹಿಡಿದರು, ಆಮೇಲೆ ಸೋತರು. ಇವತ್ತು ಅದೇ ಊರಿನ ತೊರ್ನಬುವೊನಿ ಬೀದಿ ಯುರೋಪಿನ ಸಿರಿವಂತ ಅಂಗಡಿ ಬೀದಿಗಳಲ್ಲಿ ಒಂದು. ಅಲ್ಲಿ ಅಡ್ಡಾಡುವವರಿಗೆ ಉಣ್ಣೆ ಹಿಂಜಿದ ಕೈಗಳ ನೆನಪಾಗುತ್ತದೆಯೋ ಇಲ್ಲವೋ. ನನಗೆ ಮಾತ್ರ ಅಂದು ನಾನೂ ಬಾಗಿಲಲ್ಲಿ ನಿಂತ ಆ ಹುಡುಗನೇ ಆಗಿದ್ದೆ ಎಂಬುದು ತಿಳಿಯಿತು. ಗಾಜಿನೊಳಗಿನ ಸೀರೆ ಚೆಂದ ಕಂಡಿತ್ತು, ಅದನ್ನು ಗುರುತಿಸಿದ ಕಣ್ಣು ಬೇಡವಾಗಿತ್ತು.

ಆಮೇಲೆ ಎಷ್ಟೋ ನೀರು ಹರಿದಿದೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ನಮ್ಮ ಕುರಿಗಳು ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಬಹುಪಾಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಬೇಲಿಯೊಳಗೆ ಸೇರಿತು. ಮನೆಯ ಮಗ್ಗ ನಿಂತು ವರ್ಷಗಳಾದವು. ಅಪ್ಪನೂ ಇಲ್ಲ.

ಮಕ್ಕಳನ್ನು ಕಾಲೇಜಿಗೆ ಬಿಡಲು ಬಂದ ಅಪ್ಪ ಅಮ್ಮಂದಿರು ಈಗಲೂ ಆ ರಸ್ತೆಯಲ್ಲಿ ಕಾಣುತ್ತಾರೆ. ಹುಡುಗ ಮುಂದೆ, ಚೀಲ ಹಿಡಿದ ಅಪ್ಪ ಹಿಂದೆ. ಕೂಗಿ ಹೇಳಬೇಕೆನಿಸುತ್ತದೆ: ನಿಲ್ಲಪ್ಪಾ, ಅವರು ಏನೋ ತೋರಿಸಬೇಕೆಂದಿದ್ದಾರೆ, ನೋಡು.

ಆ ಮಾತಿಗಾಗಿ ನಾನು ಅಪ್ಪನ ಕ್ಷಮೆ ಕೇಳಲೇ ಇಲ್ಲ. ದಸರಾ ರಜೆಗೆ ಊರಿಗೆ ಹೋದಾಗ ಕೇಳಬೇಕೆಂದುಕೊಂಡಿದ್ದೆ. ಬಸ್ಸಿಳಿಯುವಾಗಲೇ ಚಾ ಅಂಗಡಿಯವರು ನಕ್ಕು ಹೇಳಿದರು: "ಏನಪ್ಪಾ, ನಿಮ್ಮಪ್ಪಂದು ಮೂರು ತಿಂಗಳಿಂದ ಒಂದೇ ಮಾತು. ನನ್ ಮಗ ಮೈಸೂರಿನಾಗೆ ಅರಸರ ಬೀದಿ ಪೂರಾ ಕೈ ಹಿಡ್ಕಂಡು ತೋರಿಸ್ದ ಅಂತಾನೆ."