ಚೀಲದೊಳಗೇನಿದೆ – 4: ಮೂರು ಚಡ್ಡಿ, ಒಂದು ಹಗ್ಗ

ಫೋಟೋದಲ್ಲಿ ಕಾಣ್ತಿರೋದು ಮುಡುಕುತೊರೆ. ಹಿಂದೆ ಸೋಮಗಿರಿ ಬೆಟ್ಟ, ಮೇಲೆ ಮಲ್ಲಿಕಾರ್ಜುನನ ಗುಡಿ, ಮುಂದೆ ಕಾವೇರಿ. ಮುಡುಕು ಅಂದ್ರೆ ತಿರುವು, ತೊರೆ ಅಂದ್ರೆ ಹೊಳೆ. ಬಲಗಡೆ ಇಬ್ಬರು ಹೆಂಗಸರು ಒದ್ದೆ ಸೀರೆಯ ಎರಡು ತುದಿ ಹಿಡ್ಕೊಂಡು ಗಾಳಿಗೆ ಒಡ್ಡಿದ್ದಾರಲ್ಲ, ನಾನು ತೋರಿಸಬೇಕು ಅಂದ್ಕೊಂಡಿದ್ದು ಅದನ್ನೇ. (ಮುಖ ಬರದ ಹಾಗೆ, ಅವರನ್ನ ಕೇಳಿಯೇ ತೆಗೆದಿದ್ದು.) ಐದೂವರೆ ಮೀಟರ್ ಸೀರೆ, ಬಿಸಿಲಿದ್ರೆ ಮಾತಾಡ್ತಾ ಮಾತಾಡ್ತಾ ಒಣಗಿ ಹೋಗುತ್ತೆ. ಯಾರೂ ತಿರುಗಿ ನೋಡಲ್ಲ. ಅದೇ ಹೆಂಗಸರ ಚಡ್ಡಿ ಎಲ್ಲಿದೆ ಹೇಳಿ? ಮುದ್ದೆ ಮಾಡಿ, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ, ಚೀಲದ ತಳದಲ್ಲಿ. ಒದ್ದೆಯಾಗೇ.

ಶೂ ಆಯ್ತು, ಬ್ಯಾಗಾಯ್ತು, ನೀರಿನ ಬಾಟಲಿ ಆಯ್ತು. ಈ ಕಂತು ಇದರದು. ಒಳಉಡುಪು, ಒಳವಸ್ತ್ರ ಅಂತೆಲ್ಲ ಬರೆದ್ರೆ ಉತ್ತರಪತ್ರಿಕೆ ತರ ಆಗುತ್ತೆ. ನಮ್ಮ ಕಡೆ ಚಡ್ಡಿ ಅಂತೀವಿ, ಹಾಗೇ ಬರೀತೀನಿ. ಗಂಡಸರು ಓದ್ತಿದ್ರೆ ಓದಿ, ಮನೇಲಿ ಬಟ್ಟೆ ಒಣಹಾಕೋ ಹಗ್ಗ ನಿಮ್ಮದೂ ಹೌದು.

ನಮ್ಮ ದೊಡ್ಡವ್ವ ಮುಡುಕುತೊರೆಯೋಳು. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋಗೋ ಗುಂಪಲ್ಲಿ ವರ್ಷಾ ವರ್ಷಾ ಇರೋಳು. ಇಲ್ಲಿಂದ ಕೊಳ್ಳೇಗಾಲ, ಕಾಮಗೆರೆ, ಹನೂರು, ಕೌದಳ್ಳಿ, ತಾಳುಬೆಟ್ಟ, ಆಮೇಲೆ ಕಾಡಿನ ಏರು. ನೂರು ಕಿಲೋಮೀಟರ್ ಆಸುಪಾಸು. ಟ್ರೆಕ್ಕಿಂಗ್ ಅನ್ನೋ ಪದ ಕೇಳದವಳು, ನಾನು ಕಂಡ ಬಹಳ ಜನ ಟ್ರೆಕ್ಕರ್‌ಗಳಿಗಿಂತ ಗಟ್ಟಿ ಕಾಲಿನವಳು. ಒಂದು ವರ್ಷ ಹನೂರಿಂದ ಬಸ್ ಹತ್ಕೊಂಡು ವಾಪಸ್ ಬಂದ್ಬಿಟ್ಟಳು. ಮಂಡಿನೋವು ಅಂದಳು. ಮನೆಯವರೆಲ್ಲ, ವಯಸ್ಸಾಯ್ತು, ಇನ್ಮೇಲೆ ನಡೆಯೋದು ಬೇಡ ಅಂತ ತೀರ್ಮಾನ ಮಾಡಿದ್ರು. ಹರಕೆ ಅರ್ಧಕ್ಕೆ ನಿಂತ ದುಃಖಕ್ಕೆ ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹಿತ್ತಲಲ್ಲಿ ನಾನೊಬ್ಬಳೇ ಇದ್ದಾಗ ನಿಜ ಬಂತು: “ಮಂಡಿ ಅಲ್ಲ ಕಣವ್ವ, ತೊಡೆ ಕಿತ್ಕಂಡು ಹೋಗಿತ್ತು. ಅದ್ನ ಅಷ್ಟು ಜನದ ಮುಂದೆ ಹೇಳಕಾಯ್ತದ?”

ಆಗಿದ್ದು ಇಷ್ಟೇ. ಸೀರೆ, ಒಳಗೆ ಲಂಗ, ಅದರೊಳಗೆ ಏನೂ ಇಲ್ಲ. ಅವಳ ವಯಸ್ಸಿನ ಹೆಂಗಸರಲ್ಲಿ ಬಹಳ ಜನ ಹಾಗೇ. ಗದ್ದೆ ಕೆಲಸಕ್ಕೆ ಅದು ಸರಿಯಾಗೇ ಇದೆ, ಗಾಳಿಯಾಡುತ್ತೆ, ನಾಟಿ ಹಾಕೋಕೆ ಬಗ್ಗಿದ್ರೆ ಎಲ್ಲೂ ಹಿಡಿಯಲ್ಲ. ಆದ್ರೆ ಡಾಂಬರು ರಸ್ತೆಯಲ್ಲಿ ದಿನಕ್ಕೆ ಇಪ್ಪತ್ತೈದು-ಮೂವತ್ತು ಕಿಲೋಮೀಟರ್ ಒಂದೇ ಸಮ ನಡೆದಾಗ ತೊಡೆಗೆ ತೊಡೆ ಸಾವಿರಾರು ಸಲ ಉಜ್ಜುತ್ತೆ. ಬೆವರು ಆರಿ ಉಪ್ಪು ಉಳಿಯುತ್ತೆ. ಬಡಗಿಗಳು ಮರ ಉಜ್ಜೋಕೆ ಉಪ್ಪುಕಾಗದ ಇಟ್ಕೊಳ್ತಾರಲ್ಲ, ಹಾಗೆ. ಮೊದಲ ದಿನ ಉರಿ, ಎರಡನೇ ದಿನ ಕೆಂಪು, ಮೂರನೇ ದಿನ ರಕ್ತ.

ಮುಂದಿನ ವರ್ಷ ಅವಳಿಗೆ ಕೊಡಿಸಿದ್ದು ತೊಡೆ ಪೂರ್ತಿ ಮುಚ್ಚೋ ಉದ್ದದ ಚಡ್ಡಿ. ಅಂಗಡಿಯಲ್ಲಿ ಸೈಕ್ಲಿಂಗ್ ಶಾರ್ಟ್ಸ್ ಅಂತ ಕೇಳಿ, ಕೊಡ್ತಾರೆ. ಸೈಕಲ್ ಓಡಿಸೋರು ಹಾಕೋ ದಪ್ಪ ಪ್ಯಾಡಿನದು ಬೇಡ, ತೆಳ್ಳಗಿನದು. “ಈ ವಯಸ್ಸಲ್ಲಿ ಗಂಡೈಕ್ಳ ಚಡ್ಡಿ ಹಾಕಸ್ತೀಯಲ್ಲೇ” ಅಂತ ಬೈದಳು. ಹಾಕ್ಕೊಂಡು ಹೋದಳು. ಬೆಟ್ಟದ ಮೇಲಿಂದ ಯಾರದೋ ಫೋನಲ್ಲಿ ಮಾತಾಡಿದಾಗ ದರ್ಶನ ಆಯ್ತಾ ಅಂತ ನಾನು ಕೇಳೋ ಮೊದಲೇ ಹೇಳಿದ್ದು: “ತೊಡೆ ಚೆನ್ನಾಗದೆ ಕಣ್ ಮಗ.”

ನೀವು ಸೀರೆ ಉಡಿ, ಚೂಡಿದಾರ್ ಹಾಕಿ, ಟ್ರೆಕ್ ಪ್ಯಾಂಟ್ ಹಾಕಿ, ದೂರದ ನಡಿಗೆಗೆ ಕಾಲು ಸ್ವಲ್ಪ ಉದ್ದ ಇರೋ ಚಡ್ಡಿಯನ್ನೇ ನಾನು ಹೇಳೋದು. ತೊಡೆ ಒಂದಕ್ಕೊಂದು ತಾಗದ ಮೈಕಟ್ಟಾದ್ರೆ ಮಾಮೂಲಿ ಅಳತೆಯದೂ ಸಾಕು. ಆದ್ರೆ ತೊಡೆಯ ಬುಡದಲ್ಲಿ ಬರೋ ಎಲಾಸ್ಟಿಕ್ ಸರಿಯಾಗಿ ಮಡಿಕೆಯಲ್ಲೇ ಕೂತು ಕೊಯ್ಯುತ್ತೆ, ಅದನ್ನ ನೋಡ್ಕೊಳ್ಳಿ. ಹೊಲಿಗೆಯನ್ನ ಬೆರಳಲ್ಲಿ ಮುಟ್ಟಿ ನೋಡಿ. ಅಂಗಡಿಯಲ್ಲಿ ಬೆರಳಿಗೆ ಗೊತ್ತಾಗೋ ಗಂಟು ಇಪ್ಪತ್ತನೇ ಕಿಲೋಮೀಟರಲ್ಲಿ ಗಾಯ ಮಾಡುತ್ತೆ.

ಇನ್ನು ಬಟ್ಟೆ. “ಹತ್ತಿಯೇ ಒಳ್ಳೇದು” ಅಂತ ನಮ್ಮ ಅಮ್ಮಂದಿರು ಹೇಳಿದ್ದು ಮನೆಗೆ ಪೂರಾ ನಿಜ. ಮನೇಲಿ ದಿನಾ ಸ್ನಾನ ಇದೆ, ಬೀರುವಲ್ಲಿ ಒಣಗಿದ ಜೋಡಿ ಇದೆ. ನಡಿಗೆಯಲ್ಲಿ ಎರಡೂ ಇಲ್ಲ. ಹತ್ತಿ ಎಳೆ ನೀರನ್ನ ತನ್ನೊಳಗೇ ಎಳ್ಕೊಳ್ಳುತ್ತೆ. ನೂರು ಗ್ರಾಂ ಒಣ ಹತ್ತಿ ಸುಮ್ಮನೆ ಗಾಳಿಯಲ್ಲಿದ್ರೂ ಏಳೆಂಟು ಗ್ರಾಂ ತೇವ ಹಿಡ್ಕೊಂಡಿರುತ್ತೆ, ನೈಲಾನ್ ಅದರ ಅರ್ಧ, ಪಾಲಿಯೆಸ್ಟರ್ ಅರ್ಧ ಗ್ರಾಮೂ ಇಲ್ಲ. ಬೆವರಿದ ಹತ್ತಿ ಚಡ್ಡಿ ದಿನವಿಡೀ ಒದ್ದೆಯಾಗೇ ಮೈಗೆ ಅಂಟಿರುತ್ತೆ, ರಾತ್ರಿ ಒಗೆದ್ರೆ ಬೆಳಗ್ಗೆಗೂ ತಣ್ಣಗೆ. ಅದಕ್ಕೇ ತೆಳ್ಳನೆ ನೈಲಾನ್‌ಗೆ ಸ್ವಲ್ಪ ಸ್ಪ್ಯಾಂಡೆಕ್ಸ್ ಸೇರಿರೋದು ತಗೊಳ್ಳಿ. ಆದ್ರೆ ಕವಲಿನ ಜಾಗದಲ್ಲಿ, ಒಳಗಡೆ, ಹತ್ತಿಯ ಸಣ್ಣ ಪದರ ಇರಲೇಬೇಕು. ಅಷ್ಟು ಸಣ್ಣ ತುಂಡು ಒಣಗೋಕೆ ಹೊತ್ತೇನೂ ಬೇಡ, ಮೈಗೂ ಹಿತ.

ಅಂಗಡಿಯಲ್ಲಿ ಮೊಡಾಲ್, ಬಿದಿರು ಅಂತ ಮೆತ್ತಗಿರೋದನ್ನ ತೋರಿಸ್ತಾರೆ. ಕೈಗೆ ಬೆಣ್ಣೆ ತರ. ಒಂದು ಮರದ, ಇನ್ನೊಂದು ಬಿದಿರಿನ ತಿರುಳಿಂದ ಮಾಡಿದ ರೇಯಾನ್ ಜಾತಿ, ಎರಡೂ ಹತ್ತಿಗಿಂತ ಹೆಚ್ಚು ನೀರು ಕುಡಿಯುತ್ತೆ. ಮಲಗೋಕೆ ಇಟ್ಕೊಳ್ಳಿ, ನಡೆಯೋಕೆ ಬೇಡ. ಪಾಲಿಯೆಸ್ಟರ್ ಬೇಗ ಒಣಗುತ್ತೆ ನಿಜ, ಆದ್ರೆ ವಾಸನೆ ಹಿಡಿದ್ರೆ ಬಿಡಲ್ಲ. ಮೆರಿನೋ ಉಣ್ಣೆಯದು ಹಿಮಾಲಯದ ಚಳಿಗೆ ಬಹಳ ಚೆನ್ನಾಗಿರುತ್ತೆ, ಎರಡು ದಿನ ಹಾಕಿದ್ರೂ ನಾರಲ್ಲ. ಬೆಲೆ ನೋಡಿದ್ರೆ ಮಾತ್ರ ಬೆವರು ಬರುತ್ತೆ. ಮಾದಪ್ಪನ ಬೆಟ್ಟಕ್ಕೋ ಕುಮಾರಪರ್ವತಕ್ಕೋ ಅಷ್ಟು ಖರ್ಚು ಬೇಕಿಲ್ಲ. ನಮ್ಮ ತಿ. ನರಸೀಪುರದಲ್ಲೇ ಮೈಸೂರು ಸಿಲ್ಕಿಗೆ ನೂಲು ತೆಗೆಯೋ ಕಾರ್ಖಾನೆ ಇದೆ, ರೇಷ್ಮೆಯದು ಹಾಕಬಹುದಾ ಅಂತ ತಮಾಷೆಗೆ ಗೆಳತಿಯೊಬ್ಬಳು ಕೇಳಿದಳು. ಬೇಗ ಒಣಗುತ್ತೆ, ಆದ್ರೆ ಒದ್ದೆಯಲ್ಲಿ ಅದರ ಶಕ್ತಿ ಕುಗ್ಗುತ್ತೆ, ಬೆವರಿಗೆ ಹಾಳಾಗುತ್ತೆ. ಮದುವೆಗೇ ಇರಲಿ ಬಿಡಿ.

ಪ್ಯಾಕೆಟ್ ಮೇಲಿರೋ 85, 90, 95 ಸೆಂಟಿಮೀಟರ್ ಲೆಕ್ಕ. ಒಂದು ಕಂಪನಿ ನಡುವಿನ ಅಳತೆ ಹೇಳುತ್ತೆ, ಇನ್ನೊಂದು ಹಿಂಭಾಗದ ದಪ್ಪದ ಅಳತೆ ಹೇಳುತ್ತೆ, ಹಿಂದೆ ಸಣ್ಣಕ್ಷರದಲ್ಲಿ ಇರೋದನ್ನ ಓದಿ. ಅಂಗಡಿಯವನು ಮುಖ ಬೇರೆ ಕಡೆ ತಿರುಗಿಸಿ, ಕಪ್ಪು ಕವರಿಗೆ ಹಾಕಿ ಆದಷ್ಟು ಬೇಗ ಕಳಿಸೋಕೆ ನೋಡ್ತಾನೆ. ಅವನ ಅವಸರ ಅವನಿಗಿರಲಿ, ನೀವು ನಿಧಾನವಾಗಿ ಬಿಡಿಸಿ ನೋಡಿ. ಮೊದಲು ಒಂದೇ ತಗೊಳ್ಳಿ. ಮನೇಲಿ ಹಾಕ್ಕೊಂಡು ಕುಕ್ಕರಗಾಲಲ್ಲಿ ಕೂತು ಏಳಿ, ಹಿಂದೆ ಜಾರಬಾರದು. ಒಂದು ದಿನ ಹತ್ತು ಕಿಲೋಮೀಟರ್ ನಡೆದು ನೋಡಿ, ಆಮೇಲೆ ಉಳಿದೆರಡು ತನ್ನಿ. ಬೆನ್ನಿಗೆ ದೊಡ್ಡ ಬ್ಯಾಗ್ ಹಾಕೋರಾದ್ರೆ ಬ್ಯಾಗ್ ಸಮೇತ ನಡೀರಿ. ಬ್ಯಾಗಿನ ಸೊಂಟಪಟ್ಟಿ ಹತ್ತು ಕಿಲೋ ಭಾರವನ್ನ ಒಂದೇ ಜಾಗದಲ್ಲಿ ಒತ್ತುತ್ತೆ. ಚಡ್ಡಿಯ ಎಲಾಸ್ಟಿಕ್, ಪ್ಯಾಂಟಿನ ಗುಂಡಿ, ಲಾಡಿಯ ಗಂಟು ಯಾವುದೂ ಅದರ ಕೆಳಗೆ ಸಿಕ್ಕಿಕೊಳ್ಳಬಾರದು.

ಬ್ರಾ ವಿಷಯದಲ್ಲೂ ಇದೇ. ಹೆಗಲ ಪಟ್ಟಿಯ ಮೇಲೆ ಉದ್ದ ಗಿಡ್ಡ ಮಾಡೋ ಬಕಲ್ ಇರುತ್ತಲ್ಲ, ಅದರ ಮೇಲೆ ಬ್ಯಾಗಿನ ಪಟ್ಟಿ ಕೂತ್ರೆ ಸಂಜೆಗೆ ಅಲ್ಲೊಂದು ಗುಳಿ. ಹಿಂದಿನ ಹುಕ್ಕೂ ಹಾಗೇ. ತಲೆಯಿಂದ ಹಾಕೋ, ಅಗಲ ಪಟ್ಟಿಯ, ಸ್ಪಂಜಿಲ್ಲದ ಸ್ಪೋರ್ಟ್ಸ್ ಬ್ರಾ ಎರಡು ಸಾಕು. ಸ್ಪಂಜ್ ಒಂದು ಸಲ ನೆಂದ್ರೆ ಎರಡು ದಿನ ಬೇಕು.

ಎಷ್ಟು ಒಯ್ಯಬೇಕು? ನಾಲ್ಕು ದಿನಕ್ಕಾಗಲಿ ಹದಿನಾಲ್ಕು ದಿನಕ್ಕಾಗಲಿ, ಚಡ್ಡಿ ಮೂರು. ಮೈಮೇಲೊಂದು, ಹಗ್ಗದ ಮೇಲೊಂದು, ಚೀಲದಲ್ಲಿ ಒಣಗಿದ್ದೊಂದು. ಆ ಮೂರನೆಯದು ಮುಟ್ಟಿಗೆ, ಭೇದಿಗೆ, ಮಳೆಗೆ ಅಂತ ಕಾದಿಟ್ಟಿದ್ದು. ರಾತ್ರಿ ಸಡಿಲ ಪ್ಯಾಂಟೋ ನೈಟಿಯೋ ಹಾಕಿ, ಒಳಗೆ ಏನೂ ಬೇಡ, ಚರ್ಮಕ್ಕೆ ಅದು ರಜೆ. ಸಂಜೆ ಬೀಡು ಬಿಟ್ಟ ತಕ್ಷಣ, ಟೀ ಕುಡಿಯೋಕೂ ಮೊದಲು, ಒಗೆದು ಹಾಕಿ. ಒಂದು ಚೊಂಬು ನೀರು, ಚೂರು ಸೋಪು. ಸೋಪಿನ ನೊರೆ ಪೂರಾ ಹೋಗಬೇಕು, ಉಳಿದ್ರೆ ಅದೇ ತುರಿಕೆ. ಹೊಳೆಗೆ ಇಳಿದು ಒಗೀಬೇಡಿ, ನೀರು ಮೇಲಕ್ಕೆ ತಂದು ಒಗೆದು ಮಣ್ಣಿಗೆ ಚೆಲ್ಲಿ. ಕೆಳಗಿನೂರಿನವರು ಆ ನೀರು ಕುಡೀತಾರೆ. ಹಿಂಡಿದ ಮೇಲೆ ಒಣ ಟವಲಲ್ಲಿಟ್ಟು ಸುರುಳಿ ಸುತ್ತಿ, ಮಂಡಿ ಊರಿ ಒತ್ತಿ. ಟವಲ್ ಅರ್ಧ ನೀರು ಕುಡಿಯುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಇದ್ಯಾವುದೂ ಸಾಲದು, ನೈಲಾನೂ ಒಣಗಲ್ಲ. ಆಗ ಚೆನ್ನಾಗಿ ಹಿಂಡಿ, ಮಲಗೋ ಚೀಲದೊಳಗೆ ಹೊಟ್ಟೆಯ ಪಕ್ಕ ಇಟ್ಕೊಂಡು ಮಲಗಿ. ಮೈಶಾಖಕ್ಕೆ ಬೆಳಗ್ಗೆ ಹಾಕೋ ಮಟ್ಟಿಗೆ ಆಗಿರುತ್ತೆ.

ಈಗ ಹಗ್ಗದ ಮಾತು. ಮೇಲೆ ಹೇಳಿದ್ದೆಲ್ಲ ಮಾಡಿ, ಕೊನೆಗೆ ಆ ಚಡ್ಡಿಯನ್ನ ಟವಲ್ ಕೆಳಗೆ ಬಚ್ಚಿಟ್ಟು ಒಣಹಾಕಿದ್ರೆ ಕೊಟ್ಟ ದುಡ್ಡೆಲ್ಲ ದಂಡ. ಬಿಸಿಲೂ ಇಲ್ಲ ಗಾಳಿಯೂ ಇಲ್ಲ. ಎಷ್ಟು ಮನೆಗಳಲ್ಲಿ ನೋಡಿದ್ದೀನಿ: ಬನಿಯನ್ನು, ಪಂಚೆ ಹಗ್ಗದ ನಡುವೆ ರಾಜನ ಹಾಗೆ, ಚಡ್ಡಿ ಬಚ್ಚಲ ಮೂಲೆಯ ಮೊಳೆಗೆ. 2025ರ ಫೆಬ್ರವರಿಯಲ್ಲಿ ನರಸೀಪುರದ ಕುಂಭಮೇಳ ಇತ್ತಲ್ಲ, ಕಾವೇರಿ-ಕಪಿಲೆ ಸೇರೋ ಜಾಗದಲ್ಲಿ? ಅಂಥ ಪುಣ್ಯಸ್ನಾನ ಎಲ್ಲೇ ಆಗಲಿ, ಮಿಂದು ಸೀರೆ ಬದಲಾಯಿಸಿ, ಒಳಗಿನ ಒದ್ದೆಯನ್ನ ಹಾಗೇ ಬಿಟ್ಕೊಂಡು ಬಸ್ಸಲ್ಲಿ ಮೂರು ಗಂಟೆ ಕೂರೋ ಹೆಂಗಸರು ಬೇಕಾದಷ್ಟು ಜನ. ಒದ್ದೆ, ಬಿಸಿ, ಕತ್ತಲೆ. ಹುಳುಕಡ್ಡಿಗೆ ಇನ್ನೇನು ಬೇಕು? ಅದೊಂದು ಶಿಲೀಂಧ್ರ, ಹುಳ ಅಲ್ಲ. ತೊಡೆಸಂದಿಯಲ್ಲಿ ದುಂಡಗೆ, ಅಂಚು ಕೆಂಪಾಗಿ ಹರಡುತ್ತೆ.

ಹರಡಿದ ಮೇಲೆ ಡಾಕ್ಟರಿಗೆ ತೋರಿಸೋಕೆ ನಾಚಿಕೆ. ಯಾರನ್ನೋ ಮೆಡಿಕಲ್ ಅಂಗಡಿಗೆ ಕಳಿಸಿ ತುರಿಕೆ ಮುಲಾಮು ತರಿಸ್ತೀವಿ. ಅವುಗಳಲ್ಲಿ ಎಷ್ಟೋ ಮುಲಾಮಲ್ಲಿ ಸ್ಟಿರಾಯ್ಡ್ ಸೇರಿರುತ್ತೆ. ಎರಡು ದಿನಕ್ಕೆ ತುರಿಕೆ ಮಾಯ, ಆದ್ರೆ ಶಿಲೀಂಧ್ರ ಒಳಗೊಳಗೇ ಹಬ್ಬುತ್ತೆ, ಚರ್ಮ ತೆಳ್ಳಗಾಗುತ್ತೆ, ಬಿಟ್ಟ ವಾರಕ್ಕೆ ದುಪ್ಪಟ್ಟಾಗಿ ಬರುತ್ತೆ. ಆಗ ಚರ್ಮದ ಡಾಕ್ಟರಿಗೂ ಕಂಡುಹಿಡಿಯೋದು ಕಷ್ಟ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೆಕ್ಲೋಮೆಥಾಸೋನ್ ಅಂತ ಇದ್ರೆ ಆ ಜಾಗಕ್ಕೆ ನೀವಾಗೇ ಹಚ್ಚಬೇಡಿ, ತೋರಿಸಿ.

ಮುಟ್ಟಿನ ವಿಷಯ ಬೇರೆಯೇ ಕಂತು ಆಗುತ್ತೆ, ಇಲ್ಲಿ ಎರಡೇ ಮಾತು. ಮುಟ್ಟಿನ ಚಡ್ಡಿ ಅಂತ ದಪ್ಪ ಪದರದ್ದು ಬಂದಿದೆ, ಒಗೆಯೋಕೂ ಒಣಗಿಸೋಕೂ ಮನೆಯೇ ಸರಿ. ಜಾತ್ರೆಗೆ ಅಂತ ಮುಟ್ಟು ಮುಂದೂಡೋ ಮಾತ್ರೆಯನ್ನ ಪಕ್ಕದ ಮನೆಯವರಿಂದ ಈಸ್ಕೊಂಡು ನುಂಗಬೇಡಿ, ಡಾಕ್ಟರನ್ನ ಕೇಳಿ.

ನಾಚಿಕೆ ಅಂದಾಗ ನನಗೆ ಅಕ್ಕಮಹಾದೇವಿ ನೆನಪಾಗ್ತಾಳೆ. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಬಟ್ಟೆಯನ್ನೇ ಬಿಟ್ಟು ನಡೆದಳು ಅಂತ ಕಥೆ. ಅವಳು ಹುಡುಕಿಕೊಂಡು ಹೋದವನ ಹೆಸರಿನ ದೇವರೇ ನಮ್ಮ ಈ ಬೆಟ್ಟದ ಮೇಲೂ ಇರೋದು. ಅವಳ ಹೆಸರಲ್ಲಿ ಭಜನೆ ಮಾಡೋ ಹೆಂಗಸರೇ ಹಗ್ಗದ ಮುಂದೆ ನಿಂತು, “ಅದ್ನ ಯಾಕಂಗೆ ಬಯಲಲ್ಲಿ ಹಾಕ್ತೀಯವ್ವ, ಗಂಡಸ್ರು ಓಡಾಡ್ತರೆ” ಅಂತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಯಾರೋ ಹಾಗೇ ಹೇಳಿದ್ದಾರೆ. ನಾನು “ಹೂಂ ಅತ್ತೆ” ಅಂದು ಅಲ್ಲೇ ಹಾಕ್ತೀನಿ. ಗಾಢ ಬಣ್ಣದ್ದು ತಗೊಂಡ್ರೆ ಕಲೆ ಎದ್ದು ಕಾಣಲ್ಲ, ಮೊದಮೊದಲು ಧೈರ್ಯಕ್ಕೆ ಅದು ಸಾಕು. ಕವಲಿನ ಒಳಪದರ ಮಾತ್ರ ಬಿಳಿಯದೇ ಇರಲಿ, ಸ್ರಾವದ ಬಣ್ಣ ಬದಲಾದ್ರೆ ಗೊತ್ತಾಗಬೇಕು.

ಮೂರು ಮೀಟರ್ ನೈಲಾನ್ ಹಗ್ಗ, ಆರು ಸೇಫ್ಟಿಪಿನ್. ಚೀಲದಲ್ಲಿ ಒಂದು ಮುಷ್ಟಿಯಷ್ಟು ಜಾಗ. ಬೆಳಗ್ಗೆ ಇನ್ನೂ ತೇವ ಇದ್ರೆ ಬ್ಯಾಗಿನ ಹೊರಗೆ, ಬೆನ್ನ ಹಿಂದೆ, ಎರಡು ಪಿನ್ ಹಾಕಿ ಸಿಕ್ಕಿಸಿ ನಡೀತಾ ಇರಿ. ಹತ್ತು ಗಂಟೆ ಬಿಸಿಲಿಗೆ ಗರಿಗರಿ.

ಹೋದ ಸಲ ಕೌದಳ್ಳಿ ದಾಟಿ ಹಾಗೇ ಹೋಗ್ತಿದ್ದೆ. ಹಿಂದಿಂದ ಒಂದು ಹುಡುಗರ ಗುಂಪು ಬರ್ತಿತ್ತು, ಇಪ್ಪತ್ತರ ಆಸುಪಾಸಿನವರು. ಪಿಸುಪಿಸು ಕೇಳಿಸ್ತು. ನಾನು ತಿರುಗಿ ನೋಡಲಿಲ್ಲ. ಅವರಲ್ಲೊಬ್ಬ ಬಿರಬಿರನೆ ನಡೆದು ನನ್ನ ಪಕ್ಕಕ್ಕೆ ಬಂದ, ರಸ್ತೆ ಕಡೆಯೇ ನೋಡ್ಕೊಂಡು ಹೇಳಿದ: “ಅಕ್ಕ, ಒಂದು ಪಿನ್ ಬಿಚ್ಕಂಡದೆ, ಬಿದ್ದೋಯ್ತದೆ ನೋಡ್ಕಳಿ.”