ಒಂದು ಮಾತು ಬಾಯಿಬಿಟ್ಟಿದ್ದರೆ

2022ರ ಜನವರಿ 7ರ ಬೆಳಿಗ್ಗೆ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನಡೆದದ್ದು ನೆನಪಾಗುತ್ತಿದೆ. ಅಲ್ಲಿ ಅಕ್ಕಪಕ್ಕದಲ್ಲಿ ಸಮಾನಾಂತರವಾಗಿ ಎರಡು ರನ್‌ವೇ. ಅಂದು ಪಾಳಿಯ ಮುಖ್ಯಸ್ಥರು ಒಂದೇ ರನ್‌ವೇ ಸಾಕು ಅಂತ ತೀರ್ಮಾನಿಸಿದರು. ಆದರೆ ಆ ಸುದ್ದಿ ದಕ್ಷಿಣದ ರನ್‌ವೇ ನೋಡಿಕೊಳ್ಳುವ ಟವರ್‌ನಲ್ಲಿ ಕೂತವರಿಗೆ ಮುಟ್ಟಲೇ ಇಲ್ಲ. ಇತ್ತ ಒಬ್ಬ ನಿಯಂತ್ರಕರು ಕೋಲ್ಕತ್ತದ ವಿಮಾನಕ್ಕೆ ಹಾರು ಎಂದರು, ಅತ್ತ ಇನ್ನೊಬ್ಬರು ಭುವನೇಶ್ವರದ ವಿಮಾನಕ್ಕೆ. ಎರಡೂ ಹಾರಿದವು, ಮೇಲೆ ಹೋಗಿ ಒಂದರತ್ತ ಒಂದು ವಾಲತೊಡಗಿದವು. ಒಳಗೆ ನಾನೂರಕ್ಕೂ ಹೆಚ್ಚು ಜನ. ಪಾಪ, ಆಗತಾನೇ ಬೆಲ್ಟು ಬಿಗಿದು ಕಣ್ಣುಮುಚ್ಚಿದ್ದಿರಬೇಕು.

ರಾಡಾರ್ ಪರದೆ ನೋಡುತ್ತಿದ್ದ ನಿಯಂತ್ರಕರ ಕಣ್ಣಿಗೆ ಇದು ಬಿತ್ತು. ಎರಡಕ್ಕೂ ಬೇರೆ ಬೇರೆ ದಿಕ್ಕು ಹೇಳಿ ದೂರ ಮಾಡಿದರು.

ಯಂತ್ರ ಕೆಟ್ಟಿರಲಿಲ್ಲ, ಪೈಲಟ್‌ಗಳು ಹೇಳಿದ ಮಾತು ಮೀರಿರಲಿಲ್ಲ. ಅಡುಗೆಮನೆಯಲ್ಲಿ "ಉಪ್ಪು ಹಾಕಾಯ್ತು" ಅಂತ ಹೇಳದೆ ಇಬ್ಬರೂ ಹಾಕುತ್ತಾರಲ್ಲ, ಅಂಥದ್ದೇ ತಪ್ಪು. ಅದನ್ನಾದರೂ ಕ್ಷಮಿಸಬಹುದು. ನನಗೆ ಅರಗದ್ದು ಮುಂದಿನದು: ಈ ಘಟನೆಯನ್ನು ಅಲ್ಲಿನ ಯಾವ ಲಾಗ್‌ಬುಕ್ಕಿನಲ್ಲೂ ಬರೆದಿರಲಿಲ್ಲ ಎಂದು ವಿಮಾನಯಾನ ನಿಯಂತ್ರಣ ಸಂಸ್ಥೆಯ ಅಧಿಕಾರಿಗಳೇ ಆಮೇಲೆ ಹೇಳಿದರು.